ತೋಟದಲ್ಲಿ ತುಕ್ಕು ಹಿಡಿದ ಹಳೆಯ ಟಾಟಾ ಬಸ್ಸು: ಮತ್ತೆ ಕಟ್ಟುವುದು ಹೇಗೆ?

ತೋಟದ ಮೂಲೆಯಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ಹಳೆಯ ಬಸ್ಸನ್ನು ಕಂಡವರು ಮೊದಲು ಕೇಳುವುದು ‘ಎಂಜಿನ್ ಸ್ಟಾರ್ಟ್ ಆಗುತ್ತದಾ?’ ಎಂದು. ಟಾಟಾ ಮರ್ಸಿಡಿಸ್-ಬೆಂಜ್ ಚಾಸಿಯ (ಚಕ್ರ, ಎಂಜಿನ್ ಹೊರುವ ಅಡಿಯ ಉಕ್ಕಿನ ಚೌಕಟ್ಟಿನ) ಬಸ್ಸಾದರೆ ಆ ಚಿಂತೆ ಕೊನೆಗಿರಲಿ. ಅದೇ ವಂಶದ ಎಂಜಿನ್‌ಗಳು ಲಾರಿಗಳಲ್ಲಿ ದಶಕಗಟ್ಟಲೆ ಓಡಿದ್ದರಿಂದ ಹುಡುಕಿದರೆ ಸಾಮಾನು ಸಿಗುತ್ತದೆ. ಸಿಗದಿರುವುದು ಬಾಡಿ. ಚಾಸಿ ಜಮ್‌ಶೆಡ್‌ಪುರದ ಕಾರ್ಖಾನೆಯಿಂದ ಬಂದದ್ದು. ಬಾಡಿ ಕಟ್ಟಿದ್ದು ನಮ್ಮ ಕಡೆಯ ಶೆಡ್ಡುಗಳಲ್ಲಿ ಬಡಗಿಗಳು, ಟಿಂಕರ್‌ಗಳು. ಕಿಟಕಿಯ ಮೂಲೆಯ ತಿರುವು, ಚಾವಣಿಯ ಬಾಗು, ಬಾಗಿಲ ಹಿಡಿ ಎಲ್ಲವೂ ಅವರ ಕೈಯಳತೆ. ಒಮ್ಮೆ ಗುಜರಿಗೆ ಹಾಕಿದರೆ ಆ ಅಳತೆ ಇನ್ನೆಲ್ಲೂ ಇಲ್ಲ. ಆದ್ದರಿಂದ ಈ ಕೆಲಸದಲ್ಲಿ ಹೆಚ್ಚು ಸಮಯ, ಹೆಚ್ಚು ಎಚ್ಚರ ಬಾಡಿಗೇ ಸಲ್ಲಬೇಕು.

ಮೊದಲು ಕಾಗದ, ಆಮೇಲೆ ಸ್ಪ್ಯಾನರ್

ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಮತ್ತು ಮರ್ಸಿಡಿಸ್ ತಯಾರಕ ಡೈಮ್ಲರ್-ಬೆಂಜ್ ಒಪ್ಪಂದ ನಡೆದದ್ದು 1954ರಿಂದ 1969ರವರೆಗೆ. ಆ ಕಾಲದ ಗ್ರಿಲ್ ಮೇಲೆ ಮೂರು ಮೊನೆಯ ನಕ್ಷತ್ರ, ನಂತರದ್ದರ ಮೇಲೆ ಟಾಟಾದ ‘ಟಿ’ ಇರುತ್ತದೆ. ಆದರೆ ಗ್ರಿಲ್ ಬದಲಾಗಿರಬಹುದು. ಅದನ್ನಷ್ಟೇ ನಂಬಿ ವರ್ಷ ಹೇಳಬೇಡಿ. ಚಾಸಿ ನಂಬರ್ ನೋಡಿ. ಅದು ತುಕ್ಕಿನಡಿ ಮುಚ್ಚಿಹೋಗಿದ್ದರೆ ಗ್ರೈಂಡರ್ ಹಿಡಿಯಲೇಬಾರದು. ಸೀಮೆಎಣ್ಣೆಯಲ್ಲಿ ನೆನೆಸಿ, ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ತೆಳು ಕಾಗದವಿಟ್ಟು ಪೆನ್ಸಿಲ್‌ನಲ್ಲಿ ತಿಕ್ಕಿ ಅಚ್ಚು ತೆಗೆಯಿರಿ. ನಂಬರ್ ಅಳಿದರೆ ಬಸ್ಸಿನ ಗುರುತೇ ಅಳಿದಂತೆ.

ಆ ನಂಬರ್ ಮತ್ತು ಹಳೆಯ ಮೈಸೂರು ರಾಜ್ಯದ ‘ಎಂವೈ’ ಸಾಲಿನ ನೋಂದಣಿ ಸಂಖ್ಯೆ ಹಿಡಿದು ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರಾಕ್ಟ್ (ನೋಂದಣಿ ದಾಖಲೆಯ ನಕಲು) ಕೇಳಿ. ಕೊನೆಯ ಮಾಲೀಕರು ಯಾರು, ತೆರಿಗೆ ಬಾಕಿ ಇದೆಯೇ, ನೋಂದಣಿ ರದ್ದಾಗಿದೆಯೇ ಎಂಬುದು ತಿಳಿದ ಮೇಲೆಯೇ ದುಡ್ಡು ಕೊಡಿ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮವನ್ನು ನಂಬಿ ಬಸ್ಸು ಕೊಳ್ಳುವವರಿದ್ದಾರೆ. ಆ ನಿಯಮ 50 ವರ್ಷ ದಾಟಿದ ಖಾಸಗಿ ಬೈಕು, ಕಾರುಗಳಿಗೆ ಮಾತ್ರ. ಬಸ್ಸು ಅದರೊಳಗೆ ಬರುವುದಿಲ್ಲ. ನೋಂದಣಿ ರದ್ದಾದ ಬಸ್ಸನ್ನು ರಸ್ತೆಗೆ ತರುವಂತಿಲ್ಲ, ಸ್ವಂತ ಜಾಗದಲ್ಲಿ ಇಟ್ಟುಕೊಳ್ಳಬಹುದಷ್ಟೆ. ಇದು ಮೊದಲೇ ಗೊತ್ತಿದ್ದರೆ ಎಷ್ಟು ಖರ್ಚು ಮಾಡಬೇಕೆಂಬುದೂ ನಿಶ್ಚಯವಾಗುತ್ತದೆ.

ತೋಟದಿಂದ ಹೊರಗೆ

ಒಳಗೆ ಕಾಲಿಡುವ ಮುನ್ನ ಉದ್ದ ಕೋಲಿನಿಂದ ಸೀಟಿನಡಿ, ಎಂಜಿನ್ ಬಾನೆಟ್, ಟೂಲ್ ಬಾಕ್ಸ್ ಎಲ್ಲ ಬಡಿಯಿರಿ. ಹಾವು, ಚೇಳು, ಕಡಜದ ಗೂಡು ಮೂರೂ ಇಂಥ ಕಡೆ ಮಾಮೂಲು. ಗಂಬೂಟು, ದಪ್ಪ ಗ್ಲೌಸು ಬೇಕೇ ಬೇಕು. ನೆಲದ ಹಲಗೆಗೆ ಗೆದ್ದಲು ಹಿಡಿದಿರುತ್ತದೆ. ಅಡ್ಡ ಬೀಮಿನ ಮೇಲೆಯೇ ಕಾಲಿಡಿ.

ಯಾವುದನ್ನೂ ಮುಟ್ಟುವ ಮೊದಲು ಫೋಟೊ ತೆಗೆಯಿರಿ, ಟೇಪು ಹಿಡಿದು ಅಳೆಯಿರಿ. ಮುಖ್ಯವಾಗಿ ಪ್ರತಿ ಕಿಟಕಿ ಮತ್ತು ಬಾಗಿಲ ಚೌಕದ ಕರ್ಣಗಳನ್ನು ಬರೆದಿಟ್ಟುಕೊಳ್ಳಿ. ಬಾಡಿ ಎಲ್ಲಿ ಕುಸಿದಿದೆ ಎಂದು ಆ ಎರಡು ಕರ್ಣಗಳ ವ್ಯತ್ಯಾಸವೇ ತೋರಿಸುತ್ತದೆ.

ಎಳೆಯುವ ಕೆಲಸಕ್ಕೆ ಬೇಸಿಗೆಯೇ ಸರಿ. ಟ್ರ್ಯಾಕ್ಟರ್ ತಂದು ಬಂಪರಿಗೆ ಹಗ್ಗ ಕಟ್ಟಿ ಜಗ್ಗಿದರೆ ಬಂಪರ್ ಕೈಗೆ ಬರುತ್ತದೆ, ಬಸ್ಸು ಅಲ್ಲೇ ಇರುತ್ತದೆ. ಮಣ್ಣಲ್ಲಿ ಹೂತ ಚಕ್ರವನ್ನು ಒಂದೊಂದಾಗಿ ಎತ್ತಬೇಕು. ಜಾಕಿಯಡಿ ರೈಲ್ವೆ ಸ್ಲೀಪರಿನಂಥ ದಪ್ಪ ಮರ, ಅದರ ಮೇಲೆ ಕಬ್ಬಿಣದ ತಟ್ಟೆ ಇರಲಿ. ಜಾಕಿಯೊಂದನ್ನೇ ನಂಬಿ ಕೆಳಗೆ ನುಗ್ಗಬೇಡಿ, ಎತ್ತಿದಷ್ಟೂ ಮರದ ದಿಮ್ಮಿ ಜೋಡಿಸುತ್ತ ಹೋಗಿ.

ಜೀವಕ್ಕೆ ಎರವಾಗುವ ಕೆಲಸ ಚಕ್ರ ಬಿಚ್ಚುವುದು. ಈ ಬಸ್ಸುಗಳ 20 ಇಂಚಿನ ಚಕ್ರಗಳಲ್ಲಿ ಟೈರನ್ನು ಹಿಡಿದಿಡುವುದು ಬಿಡಿಯಾದ ಲಾಕ್ ರಿಂಗ್. ರಿಂಗ್ ತುಕ್ಕು ಹಿಡಿದು, ಟೈರಲ್ಲಿ ಗಾಳಿ ಉಳಿದಿದ್ದರೆ ನಟ್ಟು ಸಡಿಲಿಸಿದಾಗ ಅದು ಗುಂಡಿನಂತೆ ಹಾರುತ್ತದೆ. ಮೊದಲು ವಾಲ್ವಿನ ಒಳಪಿನ್ ತೆಗೆದು, ತಂತಿ ಚುಚ್ಚಿ, ಗಾಳಿ ಪೂರ್ತಿ ಹೋಗಿದೆ ಎಂದು ಖಚಿತಪಡಿಸಿಕೊಳ್ಳಿ. ಹಿಂದಿನ ಜೋಡಿ ಚಕ್ರದಲ್ಲಿ ಎರಡಕ್ಕೂ ಹೀಗೇ ಮಾಡಬೇಕು. ಸ್ಟಡ್ಡಿನ ತುದಿಯಲ್ಲಿ ‘ಎಲ್’ ಗುರುತಿದ್ದರೆ ಅದು ಎಡಮರೆ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ತಿಳಿಯದೆ ಪೈಪು ಹಾಕಿ ತಿರುಗಿಸಿ ಸ್ಟಡ್ಡು ಮುರಿಯುವುದು ಸಾಮಾನ್ಯ. ತುಕ್ಕು ತಿಂದ ರಿಂಗನ್ನು ಮತ್ತೆ ಬಳಸಬೇಡಿ. ಹೊಸ ಟೈರಿಗೂ ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ಹಾಕಿಸಿ.

ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಂಡಿರುವುದರಿಂದ ಹಿಂಚಕ್ರ ಉರುಳುವುದಿಲ್ಲ. ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ತಟ್ಟಿ ಬಿಡಿಸಿ. ಚಕ್ರದ ನಡುವಿನ ಹಬ್ಬಿನ ತುದಿಯ ಬೋಲ್ಟು ಬಿಚ್ಚಿ ಎರಡೂ ಆ್ಯಕ್ಸಲ್ ಶಾಫ್ಟ್ ಹೊರಗೆಳೆದರೆ ಒಣಗಿದ ಗೇರ್‌ಬಾಕ್ಸ್ ತಿರುಗುವ ತಾಪತ್ರಯ ತಪ್ಪುತ್ತದೆ. ಲೋ-ಬೆಡ್ ಟ್ರೈಲರ್ ಮೇಲೆ ಹತ್ತಿಸಿದ ಮೇಲೆ ನೆಲದಿಂದ ಕ್ಯಾರಿಯರ್‌ವರೆಗಿನ ಎತ್ತರ ಅಳೆದು, ದಾರಿಯ ಕರೆಂಟು ತಂತಿಗಳನ್ನು ನೋಡಿಕೊಂಡು ಹೊರಡಿ.

ಚಾಸಿ ಉಳಿಯುತ್ತದೆಯೇ?

ಬಸ್ಸನ್ನು ಮತ್ತೆ ಕಟ್ಟಬೇಕೋ ಬೇಡವೋ ಎಂಬುದು ಇಲ್ಲೇ ತೀರ್ಮಾನವಾಗಲಿ. ಎರಡು ಉದ್ದ ಬೀಮುಗಳ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಉಕ್ಕು ‘ಠಣ್’ ಎನ್ನುತ್ತದೆ, ತಿಂದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಪಟ್ಟಾ (ಲೀಫ್ ಸ್ಪ್ರಿಂಗ್) ಕೂರುವ ಬ್ರಾಕೆಟ್ಟುಗಳ ಹಿಂದೆ, ಅಡ್ಡ ಬೀಮು ಸೇರುವಲ್ಲಿ, ಚಾಸಿ ಮತ್ತು ಬಾಡಿಯ ನಡುವೆ ಮರದ ತುಂಡು ಇಟ್ಟ ಕಡೆ ಹೆಚ್ಚು ನೋಡಿ. ಒದ್ದೆ ಮರ ವರ್ಷಗಟ್ಟಲೆ ಉಕ್ಕಿಗೆ ಒತ್ತಿಕೊಂಡಿರುತ್ತದೆ. ಎರಡು ತಗಡುಗಳ ಸಂದಿನಲ್ಲಿ ಬೆಳೆದ ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ರಿವೆಟ್ಟನ್ನೇ ಕಿತ್ತು ತಗಡನ್ನು ಉಬ್ಬಿಸುತ್ತದೆ. ಅಂಥಲ್ಲಿ ಮೇಲಿಂದ ಬಣ್ಣ ಬಳಿದು ಉಪಯೋಗವಿಲ್ಲ. ರಿವೆಟ್ ಕತ್ತರಿಸಿ, ತಗಡು ಬೇರ್ಪಡಿಸಿ, ಎರಡೂ ಮುಖ ಶುಚಿಮಾಡಬೇಕು.

ಕೆಡದ ಜಾಗದ ದಪ್ಪವನ್ನು ವರ್ನಿಯರ್‌ನಿಂದ ಅಳೆದು ತುಕ್ಕು ಹಿಡಿದ ಜಾಗದ ಜೊತೆ ಹೋಲಿಸಿ. ಮೇಲುಮೇಲಿನ ಗುಳಿಗಳಿದ್ದರೆ ಚಿಂತೆಯಿಲ್ಲ. ಪಟ್ಟಾ ಬ್ರಾಕೆಟ್ಟಿನ ಬಳಿ ಬೀಮಿನ ಕೆಳತುಟಿ (ಕೆಳಗಿನ ಮಡಿಕೆ) ಅರ್ಧಕ್ಕರ್ಧ ಸವೆದಿದ್ದರೆ ಅದೇ ಮಾದರಿಯ ಬೇರೆ ಲಾರಿಯ ಚಾಸಿ ಭಾಗ ಹುಡುಕುವುದೇ ದಾರಿ. ತೇಪೆ ಹಾಕಿ ಜನರನ್ನು ಕೂರಿಸಿಕೊಂಡು ಓಡಿಸುವುದು ಸರಿಯಲ್ಲ. ಬೀಮಿನ ಮೇಲಿನ ಮತ್ತು ಕೆಳಗಿನ ತುಟಿಗೆ ರಂಧ್ರ ಕೊರೆಯಬಾರದು, ಅಡ್ಡ ವೆಲ್ಡಿಂಗ್ ಎಳೆಯಬಾರದು. ಭಾರದ ಎಳೆತವೆಲ್ಲ ಅಲ್ಲೇ ಇರುವುದು, ಬಿರುಕು ಹುಟ್ಟುವುದೂ ಅಲ್ಲಿಂದಲೇ.

ಚಾಸಿಗೆ ಗ್ರಿಟ್ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಗಟ್ಟಿ ಹರಳು ಹೊಡೆದು ತುಕ್ಕು ತೆಗೆಯುವುದು) ಮಾಡಿಸುವುದು ಒಳ್ಳೆಯದು. ಮರಳು ಬೇಡ, ಅದರ ಧೂಳು ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಬ್ಲಾಸ್ಟ್ ಆದ ಬೆತ್ತಲೆ ಉಕ್ಕಿಗೆ ಕರಾವಳಿ, ಮಲೆನಾಡಿನ ತೇವದಲ್ಲಿ ರಾತ್ರಿ ಕಳೆಯುವುದರೊಳಗೆ ಕೆಂಪು ಬರುತ್ತದೆ. ಅದೇ ದಿನ, ಸಾಧ್ಯವಾದರೆ ನಾಲ್ಕು ಗಂಟೆಯೊಳಗೆ ಎಪಾಕ್ಸಿ ಪ್ರೈಮರ್ ಹೊಡೆಸಿ. ರೆಡ್ ಆಕ್ಸೈಡ್ ಒಂದೇ ಸಾಲದು. ಅದರ ಪೊರೆಯೊಳಗೆ ತೇವ ಇಳಿಯುತ್ತದೆ.

ಬಾಡಿ: ನೀರಿನ ದಾರಿ ಹುಡುಕಿ

ಬಸ್ಸಿನ ಬಾಡಿ ಕೆಳಗಿನಿಂದ ಕೊಳೆತಂತೆ ಕಂಡರೂ ನೀರು ಬರುವುದು ಮೇಲಿಂದ. ಚಾವಣಿಯ ಮೇಲೆ ಅಡಿಕೆ ಸೋಗೆ, ತೆಂಗಿನ ಗರಿ ಕೊಳೆತು ಅಂಚಿನ ನೀರುಕಾಲುವೆ ಕಟ್ಟುತ್ತದೆ. ನೀರು ರಿವೆಟ್ ರಂಧ್ರದಿಂದ ಒಳಗಿಳಿದು, ಕಂಬದೊಳಗೆ ಹರಿದು, ಕೆಳಗಿನ ರೈಲಿನಲ್ಲಿ (ಕಂಬಗಳ ಬುಡದ ಉದ್ದ ಪಟ್ಟಿಯಲ್ಲಿ) ನಿಲ್ಲುತ್ತದೆ. ಅಲ್ಲಿ ಚಕ್ರ ಎರಚಿದ ಮಣ್ಣು ಮೊದಲೇ ತುಂಬಿರುತ್ತದೆ. ಹಾಗಾಗಿ ಕಂಬದ ಕೆಳತುದಿ ಕೊಳೆತಿದ್ದರೆ ಅದರ ನೇರ ಮೇಲಿನ ಚಾವಣಿಯನ್ನು ಪರೀಕ್ಷಿಸಿ. ಕೆಳಗಷ್ಟೇ ರಿಪೇರಿ ಮಾಡಿದ ಬಸ್ಸು ಕೆಲವೇ ಮಳೆಗಾಲಗಳಲ್ಲಿ ಅದೇ ಜಾಗದಲ್ಲಿ ಮತ್ತೆ ಕೊಳೆಯುತ್ತದೆ.

ಇನ್ನೊಂದು ಶತ್ರು ಅಲ್ಯುಮಿನಿಯಂ ಮತ್ತು ಉಕ್ಕಿನ ನೇರ ಸಂಪರ್ಕ. ತೇವ ಸೇರಿದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಹೊಸ ತಗಡು ಕೂರಿಸುವಾಗ ಉಕ್ಕಿಗೆ ಎಪಾಕ್ಸಿ, ಅಲ್ಯುಮಿನಿಯಮ್ಮಿಗೆ ಎಚಿಂಗ್ (etch) ಪ್ರೈಮರ್ ಬಳಿದು, ನಡುವೆ ಪಾಲಿಯುರೆಥೇನ್ ಸೀಲೆಂಟ್ ಎಳೆದು, ಆಮೇಲೆ ಅಲ್ಯುಮಿನಿಯಂ ರಿವೆಟ್ಟನ್ನೇ ಹೊಡೆಯಿರಿ.

ಬಿಚ್ಚುವ ಕ್ರಮವೂ ಮುಖ್ಯ. ಹೊರ ತಗಡು ಕಿತ್ತ ಕೂಡಲೇ ಬಾಡಿಯ ಬಿಗಿ ಹೋಗುತ್ತದೆ, ಚಾವಣಿ ವಾಲುತ್ತದೆ. ಮೊದಲು ಒಳಗಿನಿಂದ ಬಾಗಿಲು ಮತ್ತು ಕಿಟಕಿ ಚೌಕಗಳಿಗೆ ಕಬ್ಬಿಣದ ಕರ್ಣ ಕಟ್ಟಿ, ನೆಲದಿಂದ ಚಾವಣಿಗೆ ಊರುಗೋಲು ಕೊಡಿ. ಒಂದು ಬದಿಯಲ್ಲಿ ಒಮ್ಮೆಗೆ ಎರಡೇ ಕಂಬ ಬದಲಿಸಿ. ಅವು ಕೂತ ಮೇಲೆ ಬರೆದಿಟ್ಟ ಕರ್ಣದ ಅಳತೆ ನೋಡಿ ಮುಂದಿನದಕ್ಕೆ ಹೋಗಿ. ಹಳೆಯ ಕಂಬ ಸಾಗುವಾನಿಯೋ ಹೊನ್ನೆಯೋ ಆಗಿದ್ದರೆ ಅದೇ ಜಾತಿಯ ಒಣಗಿದ ಮರ ತನ್ನಿ. ಹಸಿ ಮರ ಕುಗ್ಗಿ ರಿವೆಟ್ಟು ಸಡಿಲವಾಗುತ್ತದೆ. ಕೊಳೆತ ತುಂಡನ್ನು ಬಿಸಾಡಬೇಡಿ, ಹೊಸದಕ್ಕೆ ಅಚ್ಚು ಅದೇ. ಉಕ್ಕಿನ ಚೌಕಟ್ಟಾಗಿದ್ದರೆ ಹಳೆಯದರ ಅಳತೆಯ ಪೈಪನ್ನೇ ಹಾಕಿ, 40×40 ಮಿ.ಮೀ., 2 ಮಿ.ಮೀ. ದಪ್ಪದ್ದು ಹೆಚ್ಚಿನ ಕಡೆ ಸರಿಹೊಂದುತ್ತದೆ. ಕೆಳಗಿನ ರೈಲಿಗೆ ಪ್ರತಿ ಎರಡು ಕಂಬಗಳ ನಡುವೆ 10 ಮಿ.ಮೀ. ನೀರುರಂಧ್ರ ಬಿಡಿ, ಪೈಪಿನೊಳಗೆ ಮೇಣದ ರಸ್ಟ್‌ಪ್ರೂಫ್ ಸಿಂಪಡಿಸಿ.

ಬಾಡಿಯನ್ನು ಚಾಸಿಗೆ ವೆಲ್ಡ್ ಮಾಡಲೇಬೇಡಿ. ಹಳಬರು ನಡುವೆ ಮರ ಅಥವಾ ರಬ್ಬರ್ ಇಟ್ಟು ಯು-ಬೋಲ್ಟಿನಿಂದ ಬಿಗಿದದ್ದು ಚಾಸಿ ತಿರುಚಿಕೊಳ್ಳಲು ಅವಕಾಶ ಇರಲಿ ಎಂದೇ. ಬೆಸುಗೆ ಹಾಕಿದರೆ ಮೊದಲ ಹೊಂಡದಲ್ಲೇ ಎಲ್ಲೋ ಒಂದು ಕಡೆ ಬಿರುಕು ಬಿಡುತ್ತದೆ.

ಹೊರ ತಗಡಿಗೆ 18 ಗೇಜು ಅಲ್ಯುಮಿನಿಯಂ, ನೆಲಕ್ಕೆ ಅಂಚುಗಳಿಗೂ ಬಣ್ಣ ಬಳಿದ 12 ಮಿ.ಮೀ. ಮರೈನ್ ಪ್ಲೈವುಡ್ ಸಾಕು. ಚಾವಣಿ ಮುಗಿದ ಮೇಲೆ, ಒಳಗಿನ ಸೀಲಿಂಗ್ ಹೊಡೆಯುವ ಮುನ್ನ ಅರ್ಧ ಗಂಟೆ ಪೈಪಿನಿಂದ ನೀರು ಬಿಟ್ಟು ಒಳಗೆ ಕೂತು ನೋಡಿ.

ಹಳೆಯ ಬಣ್ಣ ಕೆರೆಯುವ ಮೊದಲು ಒಂದು ಕೆಲಸ ಬಾಕಿ ಇರುತ್ತದೆ. ಬಿಸಿಲು ಬೀಳದ ಜಾಗದಲ್ಲಿ, ಬೀಡಿಂಗ್ ಪಟ್ಟಿಯ ಅಡಿಯಲ್ಲಿ, 400 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಅಂಗೈಯಗಲ ಉಜ್ಜಿ. ಒಂದರಡಿ ಒಂದು ಬಣ್ಣ ಕಾಣಿಸುತ್ತ ಬರುತ್ತದೆ. ಬಸ್ಸು ಎಷ್ಟು ಕೈ ದಾಟಿತು ಎಂಬುದೂ ಅಲ್ಲಿದೆ. ಬೋರ್ಡ್ ಬರೆಯುವವರು ಕುಂಚದಲ್ಲಿ ಬರೆದ ಊರಿನ ಹೆಸರು, ದೇವರ ಹೆಸರು ಕಂಡರೆ ಟ್ರೇಸಿಂಗ್ ಕಾಗದದಲ್ಲಿ ಎತ್ತಿಕೊಳ್ಳಿ. ಆ ಅಕ್ಷರಗಳ ಜಾಗದಲ್ಲಿ ಕಂಪ್ಯೂಟರ್ ಸ್ಟಿಕ್ಕರ್ ಅಂಟಿಸಿದರೆ ಬಸ್ಸಿನ ಮುಖವೇ ಹೋಗುತ್ತದೆ. ಬಣ್ಣ ಹಳೆಯದಾದ್ದರಿಂದ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಬೇಡಿ, ಮಾಸ್ಕ್ ಬಿಡಬೇಡಿ.

ಎಂಜಿನ್ ಮತ್ತು ಬ್ರೇಕ್

ಎಂಜಿನ್ ಯಾವುದೆಂದು ಬೋರಿನಿಂದ, ಅಂದರೆ ಸಿಲಿಂಡರಿನ ಒಳವ್ಯಾಸದಿಂದ ತಿಳಿಯುತ್ತದೆ. ಮರ್ಸಿಡಿಸ್ ವಿನ್ಯಾಸದ ಒಎಂ 312ಕ್ಕೆ 90 ಮಿ.ಮೀ. ಬೋರು, 4580 ಸಿಸಿ, ಹೀಟರ್ ಪ್ಲಗ್ ಇರುತ್ತದೆ. ಟಾಟಾ 692ಕ್ಕೆ 92 ಮಿ.ಮೀ., 697ಕ್ಕೆ 97 ಮಿ.ಮೀ. ಮೂರೂ ಆರು ಸಿಲಿಂಡರಿನವು. ಪಿಸ್ಟನ್, ಗ್ಯಾಸ್ಕೆಟ್ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯಕ್ಕೆ ಹೋಗುವಾಗ ಹಳೆಯ ತುಂಡನ್ನು ಕೈಯಲ್ಲೇ ಒಯ್ಯಿರಿ.

ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡೆಯಬೇಡಿ. ಮೊದಲು ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಸಂಪಿನ ಬೋಲ್ಟು ಬಿಚ್ಚಿ. ನೀರು ಬಂದರೆ ಬೇರಿಂಗ್ ನೋಡಲೇಬೇಕು. ನಾಜಲ್‌ಗಳನ್ನು ಕಳಚಿ, ಪ್ರತಿ ಸಿಲಿಂಡರಿಗೆ ಸುಮಾರು 50 ಮಿ.ಲೀ. ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್ (ಎಟಿಎಫ್) ಮತ್ತು ಅಸಿಟೋನ್ ಸಮಭಾಗದ ಮಿಶ್ರಣ ಹಾಕಿ ಒಂದು ವಾರ ಬಿಡಿ. ಹತ್ತಿರ ಬೆಂಕಿ ಸುಳಿಯಬಾರದು. ಆಮೇಲೆ ಕ್ರ್ಯಾಂಕ್ ನಟ್ಟಿಗೆ ಸ್ಪ್ಯಾನರ್ ಹಾಕಿ ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಅಲುಗಿಸಿ. ಅಲುಗದಿದ್ದರೆ ಹೆಡ್ ಇಳಿಸಿ. ಉದ್ದ ಪೈಪು ಹಾಕಿ ಜಗ್ಗಿದರೆ ರಿಂಗು ಮುರಿಯುತ್ತದೆ.

ಡೀಸೆಲ್ ಪಂಪನ್ನು ಬಿಚ್ಚಿ ಕ್ಯಾಲಿಬ್ರೇಷನ್ ಅಂಗಡಿಗೆ ಕೊಡದೆ ಎಂಜಿನ್ ಎಬ್ಬಿಸಬಾರದು. ಪಂಪಿನೊಳಗೆ ಡೀಸೆಲ್ ಪ್ರಮಾಣ ನಿಯಂತ್ರಿಸುವ ರ್‍ಯಾಕ್ ಪೂರ್ತಿ ಡೀಸೆಲ್ ಬಿಡುವ ಕಡೆ ಅಂಟಿಕೊಂಡಿದ್ದರೆ ಎಂಜಿನ್ ಹಿಡಿತಕ್ಕೆ ಸಿಗದೆ ಏರುತ್ತಲೇ ಹೋಗಿ ಒಡೆಯುತ್ತದೆ. ಮೊದಲ ಸ್ಟಾರ್ಟಿನಲ್ಲಿ ಒಬ್ಬರು ಗಾಳಿ ಹೋಗುವ ಬಾಯಿಯ ಬಳಿ ಹಲಗೆ ಹಿಡಿದು ನಿಂತಿರಲಿ. ಗಾಳಿ ಮುಚ್ಚಿದರೆ ಎಂಜಿನ್ ಸಾಯುತ್ತದೆ. ಟ್ಯಾಂಕು ತೊಳೆದು, ಫಿಲ್ಟರು, ನಾಜಲ್ ಕೆಳಗಿನ ತಾಮ್ರದ ವಾಷರು ಹೊಸದು ಹಾಕಿ. ಫಿಲ್ಟರ್, ಪಂಪ್, ನಾಜಲ್ ನಟ್ಟು, ಈ ಕ್ರಮದಲ್ಲಿ ಏರ್ ತೆಗೆಯಿರಿ. ಡೀಸೆಲ್ ಬಂದ್ ಇಟ್ಟು ಆಯಿಲ್ ಗೇಜಿನ ಮುಳ್ಳು ಏಳುವವರೆಗೆ ಸ್ವಲ್ಪ ಸ್ವಲ್ಪವೇ ಸೆಲ್ಫ್ ಕೊಟ್ಟು, ಆಮೇಲೆ ಸ್ಟಾರ್ಟ್ ಮಾಡಿ. ವೈರಿಂಗ್ ಪೂರ್ತಿ ಹೊಸದಾಗಲಿ; ಇಲಿ ಕಡಿದ ವೈರಿನಿಂದಲೇ ಬೆಂಕಿ ಹತ್ತುವುದು. ಬ್ಯಾಟರಿ ಕೊಳ್ಳುವ ಮೊದಲು ಸ್ಟಾರ್ಟರ್ ಪ್ಲೇಟಿನಲ್ಲಿ 12 ವೋಲ್ಟೋ 24 ವೋಲ್ಟೋ ಓದಿ.

ಬ್ರೇಕಿನಲ್ಲಿ ಹಳೆಯ ರಬ್ಬರ್ ಒಂದನ್ನೂ ಉಳಿಸಬೇಡಿ: ವೀಲ್ ಸಿಲಿಂಡರಿನ ರಬ್ಬರ್ ಕಪ್, ಹೋಸ್, ಮಾಸ್ಟರ್ ಸಿಲಿಂಡರ್ ಕಿಟ್, ಗಾಳಿಯ ನೆರವಿದ್ದರೆ ಅದರ ಡಯಾಫ್ರಾಮ್. ಹಳೆಯ ಲೈನರಿನಲ್ಲಿ ಕಲ್ನಾರು ಇರುತ್ತದೆ. ಕಂಪ್ರೆಸರ್ ಗಾಳಿ ಊದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಏರ್ ಟ್ಯಾಂಕು ಒಳಗಿನಿಂದ ತಿಂದಿರುವುದು ಹೊರಗೆ ಕಾಣುವುದಿಲ್ಲ, ನೀರು ತುಂಬಿ ಒತ್ತಡ ಪರೀಕ್ಷೆ ಮಾಡಿಸಿ, ಅನುಮಾನ ಬಂದರೆ ಹೊಸದು ಹಾಕಿ.

ಮೊದಲ ಓಟ ಗದ್ದೆಯಂಥ ಸಮತಟ್ಟು ಜಾಗದಲ್ಲಿ, ಖಾಲಿ ಬಸ್ಸಿನಲ್ಲಿ ನಡೆಯಲಿ. ಪ್ರತಿ ಸಲ ನಿಲ್ಲಿಸಿದಾಗ ನಾಲ್ಕೂ ಹಬ್ಬನ್ನು ಕೈಯಿಂದ ಮುಟ್ಟಿ ನೋಡಿ. ಒಂದೇ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಚಕ್ರದ ನಟ್ಟುಗಳನ್ನೂ ಬಾಡಿಯ ಯು-ಬೋಲ್ಟುಗಳನ್ನೂ ಮೊದಲ 50 ಕಿ.ಮೀ. ಮುಗಿದಾಗ ಮತ್ತೆ ಬಿಗಿಯಬೇಕು. ಎಂಜಿನ್ ಆಯಿಲ್ ಕೆಲವೇ ಗಂಟೆಗಳ ಓಟದ ನಂತರ ಬದಲಿಸಿ. ವರ್ಷಗಳ ಕೆಸರು ಅದರಲ್ಲಿ ಕರಗಿ ಬಂದಿರುತ್ತದೆ.