ಬಂದೋಬಸ್ತಿನ ನಡುವೆ ಬಿ.ಎ. ಮುಗಿಸಿದ ಬಗೆ

ಠಾಣೆಯಲ್ಲಿ ದುಡಿಯುವವನಿಗೆ ಪದವಿ ದಕ್ಕುವುದಿಲ್ಲ ಎಂದು ನನಗೆ ಹೇಳದ ಸಹೋದ್ಯೋಗಿ ಇರಲಿಲ್ಲ. ಪಿಯುಸಿ ಮೇಲೆ ಕಾನ್‌ಸ್ಟೆಬಲ್ ಆಗಿ ಸೇರಿದ ನನ್ನ ಸೇವಾ ಪುಸ್ತಕದಲ್ಲಿ ಈಗ ಬಿ.ಎ. ದಾಖಲಾಗಿದೆ; ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗೆ ಬೇಕಾದ ವಿದ್ಯಾರ್ಹತೆ ನನ್ನ ಕೈಯಲ್ಲಿದೆ.

ಮೊದಲು ಸೇರಿದ್ದು ಒಂದು ಸಂಜೆ ಕಾಲೇಜಿಗೆ. ಸುಮಾರು 15,000 ರೂಪಾಯಿ ಕಟ್ಟಿದ್ದೆ. ಗಣೇಶ ವಿಸರ್ಜನೆ, ಈದ್ ಮಿಲಾದ್ ಮೆರವಣಿಗೆ, ದಸರೆಗೆ ಮೈಸೂರಿನ ನಿಯೋಜನೆ ಎಂದು ತಿಂಗಳುಗಳು ಕಳೆದು, ಹಾಜರಾತಿ ಶೇಕಡಾ 75ರ ಸಮೀಪಕ್ಕೂ ಬಾರದೆ, ಪರೀಕ್ಷೆಯೂ ಹೋಯಿತು, ಹಣವೂ ಹೋಯಿತು. ಎರಡನೆಯ ಬಾರಿ ಎಸ್‌ಪಿ ಕಚೇರಿಯ ಅನುಮತಿಯನ್ನು ಮೊದಲೇ ಪಡೆದು, ದೂರಶಿಕ್ಷಣ ನೀಡುವ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ ಸೇರಿದೆ. ಡಿಸೆಂಬರ್ ಪರೀಕ್ಷೆಯ ಪ್ರವೇಶ ಪತ್ರ ಬಂದ ವಾರವೇ ಬೆಳಗಾವಿ ಅಧಿವೇಶನದ ಬಂದೋಬಸ್ತ್ ಆದೇಶವೂ ಬಂದು, ಪತ್ರಿಕೆಯೊಂದಕ್ಕೆ 200 ರೂಪಾಯಿಯಂತೆ ತುಂಬಿದ್ದ ಶುಲ್ಕವೆಲ್ಲ ಸುವರ್ಣ ವಿಧಾನಸೌಧದ ಹೊರಗೆ ನಿಂತಲ್ಲೇ ಕರಗಿತು.

ಅನಂತರ ಪರೀಕ್ಷೆಯ ವೇಳಾಪಟ್ಟಿಗಿಂತ ಮೊದಲು ಬಂದೋಬಸ್ತಿನ ವರ್ಷವನ್ನು ಬರೆದುಕೊಂಡೆ. ಜೂನ್ ಪರೀಕ್ಷೆಯ ಹೊತ್ತಿಗೆ ಚುನಾವಣೆಗಳು ಸಾಮಾನ್ಯವಾಗಿ ಮುಗಿದಿರುತ್ತವೆ, ಗಣೇಶ ಹಬ್ಬ ಇನ್ನೂ ದೂರವಿರುತ್ತದೆ. ಬಕ್ರೀದ್ ಆ ತಿಂಗಳಲ್ಲಿ ಬಿದ್ದರೆ ಅದರ ಆಸುಪಾಸಿನ ಪತ್ರಿಕೆಗಳನ್ನು ಬಿಟ್ಟರಾಯಿತು. ಮೂರು ವರ್ಷದ ಪದವಿಗೆ ಆರು ವರ್ಷದವರೆಗೆ ಅವಕಾಶವಿರುವುದರಿಂದ ಎಲ್ಲ ಪತ್ರಿಕೆಗಳನ್ನೂ ಒಮ್ಮೆಗೇ ಬರೆಯುವ ಹಟವನ್ನು ಬಿಟ್ಟು, ಹೆಚ್ಚಿನವನ್ನು ಜೂನ್‌ಗೆ ಇಟ್ಟುಕೊಂಡೆ. ಶೇಕಡಾ 30ರಷ್ಟು ಅಂಕ ಅಸೈನ್‌ಮೆಂಟ್‌ಗಳದ್ದು. ಅವುಗಳನ್ನು ಜನವರಿಯಿಂದ ಮಾರ್ಚ್‌ವರೆಗೆ ಬರೆದು ಕೊಟ್ಟರೆ, ಪರೀಕ್ಷೆ ತಪ್ಪಿದರೂ ಆ ಅಂಕ ಉಳಿಯುತ್ತದೆ. ಠಾಣೆಯಲ್ಲಿ ಡ್ಯೂಟಿ ಪಟ್ಟಿ ಬರೆಯುವ ರೈಟರ್ ಬಳಿ ಡ್ಯೂಟಿ ಅದಲುಬದಲನ್ನು ನಾನು ಹೊಂದಿಸಿಕೊಂಡ ರೀತಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಕೇಳತೊಡಗಿದರೆ ಯಾರಿಗೂ ಸಿಗದು.

ನಡುವೆ, ಪಾಠಗಳನ್ನು ಕನ್ನಡದಲ್ಲಿ ನಾನೇ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಬಂದೋಬಸ್ತಿಗೆ ಹೋಗುವ ವ್ಯಾನಿನಲ್ಲಿ ಕೇಳಿ ನೋಡಿದೆ. ಇತಿಹಾಸಕ್ಕೆ ಅದು ಚೆನ್ನಾಗಿ ಒದಗಿತು. ರಾಜಕೀಯ ಸಿದ್ಧಾಂತ ಮಾತ್ರ ಕಿವಿಯಿಂದ ತಲೆಗೆ ಇಳಿಯಲೇ ಇಲ್ಲ, ಅದನ್ನು ಬರೆದೇ ಕಲಿಯಬೇಕಾಯಿತು. ಬರೆದು ಕಲಿಯುವ ಆ ಅಭ್ಯಾಸ 2024ರ ಜುಲೈ 1ರಂದು ಹಳೆಯ ದಂಡ ಸಂಹಿತೆಯಾದ ಐಪಿಸಿಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ಕೆಲಸಕ್ಕೆ ಬಂತು: ಕೊಲೆಯ ಐಪಿಸಿ 302 ಈಗ 103, ವಂಚನೆಯ 420 ಈಗ 318 ಎಂದು ಹಳೆಯ, ಹೊಸ ಕಲಮುಗಳ ಪಟ್ಟಿಯನ್ನು ನಾನೇ ಬರೆದಿಟ್ಟೆ, ಮತ್ತು ಎಫ್‌ಐಆರ್ ದಾಖಲಿಸುವಾಗ ಹಿರಿಯ ಎಎಸ್‌ಐಗಳೂ ನನ್ನನ್ನು ಕರೆದು ಕೇಳುತ್ತಿದ್ದರು.

ಸಂಜೆ ಕಾಲೇಜಿನ ನಷ್ಟ ಬಿಟ್ಟು ಒಟ್ಟು ಖರ್ಚು ಸುಮಾರು 18,000 ರೂಪಾಯಿ, ಹಿಡಿದ ಕಾಲ ನಾಲ್ಕು ವರ್ಷಕ್ಕಿಂತ ಸ್ವಲ್ಪ ಹೆಚ್ಚು. ದಕ್ಕುವುದಿಲ್ಲ ಎಂದವರಲ್ಲಿ ಇಬ್ಬರು ಈ ವರ್ಷ ಪ್ರವೇಶ ಪಡೆದಿದ್ದಾರೆ. ಅವರ ಮೊದಲ ಪತ್ರಿಕೆಗಳನ್ನು ಜೂನ್‌ಗೇ ಇಡಿಸಿದ್ದೇನೆ.