ಅಡುಗೆಯವರನ್ನು ನಾನು ಬಿಡಿಸಲಿಲ್ಲ

48ನೇ ವಯಸ್ಸಿಗೆ ನಾನು ಕೆಲಸ ಬಿಟ್ಟೆ. ಗಂಡಸರು ಹೀಗೆ ಮಾಡಿದರೆ ನೆಂಟರಿಗೆ ‘ಕಂಪನಿಯವರೇ ತೆಗೆದ್ರೇನೋ’ ಅನ್ನೋ ಅನುಮಾನ. ಹೆಂಗಸರು ಬಿಟ್ಟರೆ ಅನುಮಾನವೇ ಇಲ್ಲ. ಮನೆ ನೋಡ್ಕೊಳ್ಳೋಕೆ ಬಿಟ್ಟಳು, ಅಷ್ಟೇ!

ಮೊದಲ ವಾರವೇ ಅತ್ತೆ ಕೇಳಿದರು, “ನೀನೇ ಮನೇಲಿರ್ತೀಯಲ್ಲಮ್ಮ, ಇನ್ನು ಅಡುಗೆಯವರು ಯಾಕೆ?” ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು. ರಾಜೀನಾಮೆಗೆ ಮುಂಚೆ ನಾನೂ ಇವರೂ ಕೂತು ತಿಂಗಳ ಖರ್ಚು ಬರೆದಾಗ ಅಡುಗೆಯವರ ಸಂಬಳವನ್ನೂ ಸೇರಿಸಿದ್ದೆವು. “ಅದನ್ನು ಲೆಕ್ಕ ಹಾಕಿಯೇ ಬಿಟ್ಟಿದ್ದು ಅತ್ತೆ” ಅಂದೆ. ಪಕ್ಕದಲ್ಲಿದ್ದ ಇವರೂ ಹೌದು ಅಂದರು. ಇವರು ಸುಮ್ಮನಿದ್ದಿದ್ದರೆ ಮಾತು ಬೇರೆ ಕಡೆ ಹೋಗುತ್ತಿತ್ತು.

ಇದಕ್ಕಿಂತ ಕಷ್ಟದ ಮಾತು ಮೈದುನನ ಜೊತೆ ಆಡಬೇಕಾಯ್ತು. ಅಷ್ಟು ವರ್ಷ ಅತ್ತೆ, ಮಾವನ ಆಸ್ಪತ್ರೆ ಖರ್ಚು ನನ್ನ ಕಂಪನಿಯ ಗುಂಪು ವಿಮೆಯಲ್ಲೇ ಹೋಗುತ್ತಿತ್ತು. ಯಾರೂ ಅದನ್ನು ಗಮನಿಸಿರಲಿಲ್ಲ. ಕೆಲಸ ಬಿಟ್ಟರೆ ಆ ವಿಮೆಯೂ ನಿಲ್ಲುತ್ತೆ. ಹೊಸ ಪಾಲಿಸಿ ಮಾಡಿಸಿದರೆ ಬಿಪಿ, ಶುಗರ್‌ನಂಥ ಹಳೇ ಕಾಯಿಲೆಯ ಖರ್ಚು ಸಿಗೋಕೆ 3 ವರ್ಷದವರೆಗೂ ಕಾಯಬೇಕಾಗಬಹುದು. ಆ ಕಾಯೋ ಲೆಕ್ಕ ಬೇಗ ಶುರುವಾಗಲಿ ಅಂತ ನೌಕರಿ ಇದ್ದಾಗಲೇ ಬೇರೆ ಪಾಲಿಸಿ ಮಾಡಿಸಿ, ಪ್ರೀಮಿಯಂ ಅರ್ಧ ನೀನು ಕೊಡಬೇಕು ಅಂತ ಅವನಿಗೆ ನೇರವಾಗಿ ಹೇಳಿದೆ. ಮುಖ ಸಣ್ಣದು ಮಾಡಿಕೊಂಡ. ಆದರೆ ಕೊಡುತ್ತಿದ್ದಾನೆ.

ದುಡ್ಡಿನ ವಿಷಯಕ್ಕೆ ಬಂದರೆ, ಸರ್ಕಾರಿ ನೌಕರಿ ಕಂಡ ಮನೆಯವರಿಗೆ ಖಾಸಗಿಯವರ ಪಾಡು ಅರ್ಥವಾಗೋದು ಕಷ್ಟ. “ಪೆನ್ಷನ್ ಬರುತ್ತಲ್ಲ ನಿಂಗೆ?” ಅಂತಾರೆ ಚಿಕ್ಕಮ್ಮ. ಪಿಎಫ್‌ನವರ ಪೂರ್ತಿ ಪೆನ್ಷನ್ 58ಕ್ಕೆ. 50 ಆದ ಮೇಲೆ ಬೇಗ ತಗೋಬಹುದು, ಆದರೆ 58ಕ್ಕೆ ಎಷ್ಟು ವರ್ಷ ಮುಂಚೆ ತಗೋತೀವೋ ಅಷ್ಟಕ್ಕೂ ವರ್ಷಕ್ಕೆ 4% ಕಡಿತ. ಇದನ್ನೆಲ್ಲ ವಿವರಿಸೋದು ಬಿಟ್ಟಿದ್ದೇನೆ. ಸಾಲ ಕೇಳಿ ಬಂದವರಿಗೆ ಮಾತ್ರ ನಮ್ಮಿಬ್ಬರದೂ ಒಂದೇ ಉತ್ತರ: ಇರೋದೆಲ್ಲ ಮುಂದಿನ ತಿಂಗಳುಗಳ ಖರ್ಚು. ಒಬ್ಬರು ಮುನಿಸಿಕೊಂಡು ಗೌರಿ ಹಬ್ಬಕ್ಕೆ ಬರಲಿಲ್ಲ. ಬರದಿದ್ದರೆ ಬೇಡ.

ಆಫೀಸಿನ ಸ್ನೇಹ ಬೇಗ ಸವೆಯುತ್ತೆ. ಅಪ್ರೈಸಲ್, ಹೈಕ್, ಹೊಸ ಮ್ಯಾನೇಜರ್ ಅಂತ ಅವರು ಮಾತಾಡುವಾಗ ನಾನು ಸುಮ್ನೆ ಕೂತಿರುತ್ತಿದ್ದೆ. ವಾಟ್ಸಾಪ್ ಗುಂಪಿನಿಂದ ಹೊರಬಂದೆ. ಬೇಕಾದ ಮೂವರನ್ನು ಮಾತ್ರ ಇಟ್ಟುಕೊಂಡೆ. ಅವರೇ ಫೋನ್ ಮಾಡಲಿ ಅಂತ ಕಾಯೋದು ದಡ್ಡತನ, ಬಿಡುವಿರೋದು ನನಗೆ ಅಲ್ವಾ? 2025ರ ಆಗಸ್ಟ್‌ನಲ್ಲಿ ಹಳದಿ ಮೆಟ್ರೋ ಶುರುವಾದ ಮೇಲೆ ಸುಲಭವಾಯ್ತು. ಆರ್.ವಿ. ರಸ್ತೆಯಲ್ಲಿ ಹತ್ತಿದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಗೋಳಿಲ್ಲದೆ ಎಲೆಕ್ಟ್ರಾನಿಕ್ ಸಿಟಿ. ಊಟದ ಬಿಡುವಿನಲ್ಲಿ ಗೆಳತಿ ಹೊರಗೆ ಬರುತ್ತಾಳೆ. ಇಂದಿರಾನಗರದ ದುಬಾರಿ ಹೋಟೆಲಿಗೆ ಕರೆದರೆ ಮಾತ್ರ, “ದರ್ಶಿನಿಗಾದರೆ ಬರ್ತೀನಿ” ಅಂತೀನಿ. ಮೊದಲು ಮುಜುಗರವಾಗುತ್ತಿತ್ತು. ಈಗ ಅವರೇ ದರ್ಶಿನಿ ಹುಡುಕುತ್ತಾರೆ.

ಇವರು ಇನ್ನೂ ಕೆಲಸಕ್ಕೆ ಹೋಗುತ್ತಾರೆ. ಭಾನುವಾರ ಸಂಜೆ ಇವರಿಗೆ ಮುಖ ಗಂಟು, ನನಗೆ ಖುಷಿ. ಆ ಹೊತ್ತಲ್ಲಿ ನನ್ನ ಸೋಮವಾರದ ಪ್ಲಾನ್ ಬಾಯಿಬಿಡೋದಿಲ್ಲ.

ಹೊಸ ಸ್ನೇಹ ಸಿಕ್ಕಿದ್ದು ಜಯನಗರದ ಪಾರ್ಕಿನಲ್ಲಿ. ಎಲ್ಲರೂ 65 ದಾಟಿದವರು. ಮಂಡಿನೋವು, ಅಮೆರಿಕದ ಮೊಮ್ಮಕ್ಕಳು, ಇಷ್ಟೇ ಮಾತು. ನನ್ನನ್ನು ‘ಮಗು’ ಅಂತಾರೆ. ನವೆಂಬರ್ ಬಂದರೆ ಅವರ ಪೆನ್ಷನ್ನಿನ ಲೈಫ್ ಸರ್ಟಿಫಿಕೇಟ್ ಮೊಬೈಲಿನಲ್ಲಿ ಮಾಡಿಕೊಡೋದು ನನ್ನ ಕೆಲಸ. ಅದಕ್ಕೆ ಸಂಬಳ, ಒಂದು ಕಾಫಿ.