ಮೆಚ್ಚಿನ ಪಿಚರ್ ಗಾಯಗೊಂಡು ಆಟ ಬಿಟ್ಟಾಗ ಅಭಿಮಾನಿ ಏನು ಮಾಡಬಹುದು

ಬೇಸ್‌ಬಾಲ್ ನೋಡುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ಕಷ್ಟವಿದು. ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ, ಗಾಯಗೊಳ್ಳುತ್ತಾರೆ, ಚೇತರಿಸಿಕೊಳ್ಳುತ್ತಿದ್ದಾರೆಂಬ ಸುದ್ದಿ ಬರುತ್ತದೆ, ಮರಳಿ ಬಂದವರು ಮತ್ತೆ ಗಾಯಗೊಳ್ಳುತ್ತಾರೆ, ಕೊನೆಗೆ ಅವರ ಹೆಸರೇ ತಂಡದ ಪಟ್ಟಿಯಿಂದ ಮರೆಯಾಗುತ್ತದೆ. ಈ ಅವಧಿಯಲ್ಲಿ ಅಭಿಮಾನಿಯ ಮನಸ್ಸಿನಲ್ಲಿ ಮರುಕ, ಆಸೆ, ಸಿಟ್ಟು ಮೂರೂ ಬೆರೆತುಹೋಗುತ್ತವೆ, ಮತ್ತು ಬಹಳ ಜನರಲ್ಲಿ ಕೊನೆಗೆ ಉಳಿಯುವುದು ಸಿಟ್ಟೊಂದೇ. ಹಾಗಾಗದಂತೆ ನೋಡಿಕೊಳ್ಳಲು ಏನೇನು ಮಾಡಬಹುದೆಂಬುದನ್ನು ವಾಷಿಂಗ್ಟನ್ ನ್ಯಾಷನಲ್ಸ್ ತಂಡದ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರ ವೃತ್ತಿಜೀವನವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಅಭಿಮಾನಿಗಳಿಗೆ ಇಷ್ಟು ದೊಡ್ಡ ಸಂತೋಷವನ್ನೂ ಇಷ್ಟು ದೀರ್ಘವಾದ ನಿರಾಶೆಯನ್ನೂ ಒಬ್ಬರೇ ಕೊಟ್ಟ ಉದಾಹರಣೆ ಇತ್ತೀಚಿನ ವರ್ಷಗಳಲ್ಲಿ ಅಪರೂಪ.

ಮೊದಲು ಮಾಡಬೇಕಾದ ಕೆಲಸವೆಂದರೆ, ಆ ಆಟಗಾರನ ಗಾಯಗಳ ದಿನಚರಿಯನ್ನು ನೀವೇ ಒಂದು ಹಾಳೆಯ ಮೇಲೆ ಬರೆದುಕೊಳ್ಳುವುದು. ಸಿಟ್ಟು ಬಂದಾಗ ನೆನಪು ಕಾಲವನ್ನು ಕುಗ್ಗಿಸಿಬಿಡುತ್ತದೆ. ‘ದುಡ್ಡು ತೆಗೆದುಕೊಂಡ, ಆಮೇಲೆ ಆಡಲೇ ಇಲ್ಲ’ ಎಂಬ ಒಂದೇ ಸಾಲಿನಲ್ಲಿ ಹತ್ತಾರು ವರ್ಷಗಳ ಕಥೆ ಮುಗಿದುಹೋಗುತ್ತದೆ. ಸ್ಟ್ರಾಸ್‌ಬರ್ಗ್ ಅವರ ಹಾಳೆ ಹೀಗೆ ಸಾಗುತ್ತದೆ. 2009ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಮೊದಲನೆಯವರಾಗಿ ಆಯ್ಕೆಯಾದರು. 2010ರ ಜೂನ್ 8ರಂದು ಪಿಟ್ಸ್‌ಬರ್ಗ್ ಪೈರೇಟ್ಸ್ ವಿರುದ್ಧ ಆಡಿದ ಮೊದಲ ಪಂದ್ಯದಲ್ಲೇ 7 ಇನಿಂಗ್ಸ್‌ಗಳಲ್ಲಿ (ಎದುರಾಳಿಯ ಮೂವರು ಔಟಾದರೆ ಪಿಚರ್‌ಗೆ ಒಂದು ಇನಿಂಗ್ಸ್) 14 ಮಂದಿಯನ್ನು ಸ್ಟ್ರೈಕೌಟ್ ಮಾಡಿದರು, ಅಂದರೆ ಮೂರು ಸ್ಟ್ರೈಕ್‌ಗಳಿಂದ ಔಟ್ ಮಾಡಿದರು. ಒಬ್ಬರಿಗೂ ವಾಕ್ (ನಾಲ್ಕು ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಸಿಗುವ ಮೊದಲ ಬೇಸ್) ಕೊಡಲಿಲ್ಲ, ಎದುರಿಸಿದ ಕೊನೆಯ ಏಳು ಬ್ಯಾಟರ್‌ಗಳೂ ಸ್ಟ್ರೈಕೌಟ್ ಆದರು. ಅದೇ ಆಗಸ್ಟ್ 21ರಂದು ಫಿಲಡೆಲ್ಫಿಯಾದಲ್ಲಿ ಒಂದು ಚೇಂಜಪ್ (ವೇಗ ತಗ್ಗಿಸಿದ ಎಸೆತ) ಎಸೆದ ಮರುಕ್ಷಣ ಮುಖ ಕಿವುಚಿ ಬಲಗೈಯನ್ನು ಜಾಡಿಸಿದರು. ಮೊಣಕೈಯ ಅಸ್ಥಿರಜ್ಜು ಹರಿದಿತ್ತು. ಶಸ್ತ್ರಚಿಕಿತ್ಸೆಯ ನಂತರ ಮರಳಿದ್ದು 2011ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಹಲವು ಒಳ್ಳೆಯ ವರ್ಷಗಳು ಬಂದವು; 2014ರಲ್ಲಿ ನ್ಯಾಷನಲ್ ಲೀಗ್‌ನಲ್ಲೇ ಅತಿ ಹೆಚ್ಚು, ಅಂದರೆ 242 ಸ್ಟ್ರೈಕೌಟ್‌ಗಳು ಅವರ ಹೆಸರಿನಲ್ಲಿದ್ದವು. 2019ರಲ್ಲಿ ತಂಡ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಿತು, ಆ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರಿಗೆ ಸಂದಿತು. ಡಿಸೆಂಬರ್‌ನಲ್ಲಿ ಏಳು ವರ್ಷಗಳಿಗೆ 24.5 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಅದಾದ ಮೇಲೆ 2020ರಲ್ಲಿ ಎರಡು, 2021ರಲ್ಲಿ ಐದು, 2022ರಲ್ಲಿ ಒಂದು, ಹೀಗೆ ಒಟ್ಟು ಎಂಟೇ ಪಂದ್ಯಗಳು. ನಿವೃತ್ತಿ ಅಧಿಕೃತವಾದದ್ದು 2024ರ ಏಪ್ರಿಲ್‌ನಲ್ಲಿ.

ಹಾಳೆ ಸಿದ್ಧವಾದ ಮೇಲೆ ಗಾಯದ ಸ್ವರೂಪವನ್ನು ತಿಳಿದುಕೊಳ್ಳಿ. ಇದಕ್ಕೆ ವೈದ್ಯಶಾಸ್ತ್ರ ಓದಬೇಕಾಗಿಲ್ಲ, ಎರಡು ಸಂಗತಿಗಳು ಗೊತ್ತಿದ್ದರೆ ಸಾಕು. ಕ್ರಿಕೆಟ್ ನೋಡಿ ಬೆಳೆದ ನಮ್ಮಂಥವರಿಗೆ ವೇಗದ ಬೌಲರ್‌ಗಳ ಬೆನ್ನುನೋವಿನ ಸುದ್ದಿ ಹೊಸದಲ್ಲ. ಆದರೆ ಪಿಚರ್ ಚೆಂಡನ್ನು ಬೌಲ್ ಮಾಡುವುದಿಲ್ಲ, ಮೊಣಕೈ ಮಡಿಸಿ ಎಸೆಯುತ್ತಾರೆ. ಆದ್ದರಿಂದ ಹೊರೆ ಹೆಚ್ಚಾಗಿ ಬೀಳುವುದು ಮೊಣಕೈ ಮತ್ತು ಭುಜದ ಮೇಲೆ. ಮೊಣಕೈಯ ಒಳಮಗ್ಗುಲಿನ ಅಸ್ಥಿರಜ್ಜು ಹರಿದರೆ, ದೇಹದ ಬೇರೆ ಕಡೆಯಿಂದ ತೆಗೆದ ಸ್ನಾಯುರಜ್ಜನ್ನು ಅಲ್ಲಿ ಕೂರಿಸುತ್ತಾರೆ. ಡಾ. ಫ್ರಾಂಕ್ ಜೋಬ್ 1974ರಲ್ಲಿ ಡಾಡ್ಜರ್ಸ್ ತಂಡದ ಟಾಮಿ ಜಾನ್ ಅವರಿಗೆ ಮೊದಲು ಮಾಡಿದ ಈ ಶಸ್ತ್ರಚಿಕಿತ್ಸೆಗೆ ಆ ಆಟಗಾರನ ಹೆಸರೇ ನಿಂತಿದೆ. ಜಾನ್ 1976ರಲ್ಲಿ ಮರಳಿ, ಆಮೇಲೆ 164 ಪಂದ್ಯಗಳನ್ನು ಗೆದ್ದರು. ಈ ಗಾಯದ ದಾರಿ ಈಗ ಸವೆದ ದಾರಿ. ಒಂದರಿಂದ ಒಂದೂವರೆ ವರ್ಷ ಕಾಯಬೇಕು, ಆದರೆ ಮರಳಿ ಬರುವವರೇ ಹೆಚ್ಚು.

ಸ್ಟ್ರಾಸ್‌ಬರ್ಗ್ ಅವರನ್ನು ಮುಗಿಸಿದ್ದು ಬೇರೆಯದೇ ಗಾಯ, ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್. ಕತ್ತಿನ ಬುಡದಲ್ಲಿ, ಕಾಲರ್ ಮೂಳೆಗೂ ಮೊದಲನೆಯ ಪಕ್ಕೆಲುಬಿಗೂ ನಡುವೆ ಒಂದು ಕಿರಿದಾದ ಸಂದಿಯಿದೆ, ಕೈಗೆ ಹೋಗುವ ನರಗಳೂ ರಕ್ತನಾಳಗಳೂ ಅದರ ಮೂಲಕವೇ ಸಾಗಬೇಕು. ಅಲ್ಲಿ ಒತ್ತಡ ಬಿದ್ದರೆ ಕೈಗೆ ಜೋಮು ಹಿಡಿಯುತ್ತದೆ, ಹಿಡಿತ ಸಡಿಲವಾಗುತ್ತದೆ, ಬೆರಳ ತುದಿಗೆ ಚೆಂಡಿನ ಹೊಲಿಗೆಯ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ. 2021ರ ಬೇಸಿಗೆಯಲ್ಲಿ ಅವರ ಒಂದು ಪಕ್ಕೆಲುಬನ್ನೂ ಕತ್ತಿನ ಕೆಲವು ಸ್ನಾಯುಗಳನ್ನೂ ತೆಗೆದುಹಾಕಿ ಆ ಸಂದಿಯನ್ನು ಅಗಲ ಮಾಡಲಾಯಿತು. 2022ರ ಜೂನ್ 9ರಂದು ಮಯಾಮಿಯಲ್ಲಿ ಅವರು ಪಿಚರ್ ನಿಂತು ಎಸೆಯುವ ದಿಬ್ಬ ಹತ್ತಿದರು. ಐದು ಇನಿಂಗ್ಸ್ ಕೂಡ ಪೂರೈಸಲಾಗಲಿಲ್ಲ. ಹೆಚ್ಚು ಹೊತ್ತು ನಿಂತರೆ ಕೈ ಮರಗಟ್ಟುತ್ತದೆಂದು ಆ ವರ್ಷದ ಕೊನೆಯಲ್ಲಿ ಅವರೇ ಹೇಳಿಕೊಂಡಿದ್ದರು. ಸುಮ್ಮನೆ ನಿಂತುಕೊಳ್ಳುವುದೂ ಕಷ್ಟವಾದ ಮನುಷ್ಯನಿಂದ ಗಂಟೆಗೆ 95 ಮೈಲಿ ವೇಗದ ಎಸೆತವನ್ನು ನಿರೀಕ್ಷಿಸುತ್ತಿದ್ದೆವೆಂದು ಗೊತ್ತಾದಾಗ, ಅನೇಕ ಅಭಿಮಾನಿಗಳ ಸಿಟ್ಟು ತಾನಾಗಿಯೇ ಇಳಿಯಿತು. ಗಾಯವನ್ನು ಅರ್ಥ ಮಾಡಿಕೊಳ್ಳುವುದು ಇದೇ ಕಾರಣಕ್ಕೆ ಮುಖ್ಯ.

ಮೂರನೆಯದಾಗಿ, ಗಾಯದ ಸುದ್ದಿಯನ್ನು ಓದುವ ಕ್ರಮವನ್ನು ರೂಢಿಸಿಕೊಳ್ಳಿ. ಮುಂದೋಳು ಬಿಗಿದಿದೆ ಎಂದು ತಂಡ ಹೇಳಿದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಮೊಣಕೈಯ ಅಸ್ಥಿರಜ್ಜಿನ ತೊಂದರೆ ಹಲವು ಬಾರಿ ಹೀಗೆಯೇ ಶುರುವಾಗುತ್ತದೆ. ಪಿಚರ್ 15 ದಿನಗಳ ಇಂಜರ್ಡ್ ಲಿಸ್ಟ್‌ಗೆ (ಗಾಯಾಳುಗಳ ಪಟ್ಟಿಗೆ) ಹೋದರೆ ಅದು ಕನಿಷ್ಠ ಅವಧಿ ಮಾತ್ರ, ಹದಿನಾರನೆಯ ದಿನ ಮರಳುತ್ತಾರೆಂಬ ಭರವಸೆಯಲ್ಲ. 60 ದಿನಗಳ ಪಟ್ಟಿಗೆ ಸೇರಿಸಿದರೆ, ತಂಡವು 40 ಜನರ ಪಟ್ಟಿಯಲ್ಲಿ ಅವರ ಜಾಗವನ್ನು ಬೇರೆಯವರಿಗೆ ಕೊಡುತ್ತಿದೆ ಎಂದರ್ಥ. ‘ಜೋಮು’, ‘ನರ’ ಎಂಬ ಪದಗಳು ಕಾಣಿಸಿಕೊಂಡರೆ ದಿನಾಂಕಗಳ ಲೆಕ್ಕ ಹಾಕುವುದನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಏಕೆಂದರೆ ಹರಿದ ರಜ್ಜಿಗೆ ಇರುವಂಥ ನಿಶ್ಚಿತ ಕಾಲಾವಧಿ ನರಕ್ಕಿಲ್ಲ. 2020ರ ಆಗಸ್ಟ್‌ನಲ್ಲಿ ಸ್ಟ್ರಾಸ್‌ಬರ್ಗ್ ಒಂದು ಇನಿಂಗ್ಸ್ ಕೂಡ ಮುಗಿಸದೆ ಹೊರನಡೆದದ್ದು ಕೈಯ ಜೋಮಿನಿಂದಲೇ. ಆಗ ಅಂಗೈ ಬುಡದ ನರಕ್ಕೆ ಶಸ್ತ್ರಚಿಕಿತ್ಸೆಯಾಯಿತು, ಮರುವರ್ಷ ಕತ್ತಿನ ಬುಡದ ತೊಂದರೆ ಹೊರಬಿತ್ತು.

ಇನ್ನು ಹಣದ ವಿಷಯ. ಅಭಿಮಾನಿಗಳ ಸಿಟ್ಟು ಅತಿ ಹೆಚ್ಚು ಸೇರಿಕೊಳ್ಳುವುದು ಇಲ್ಲೇ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 24.5 ಕೋಟಿ ಡಾಲರ್, ಪ್ರತಿಯಾಗಿ 31⅓ ಇನಿಂಗ್ಸ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಯಾರಿಗಾದರೂ ಕಸಿವಿಸಿಯಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನೂ ಬರೆಯಿರಿ. 2019ರಲ್ಲಿ ಅವರು ಲೀಗ್ ಹಂತದಲ್ಲಿ 209 ಇನಿಂಗ್ಸ್, ಅಕ್ಟೋಬರ್‌ನ ನಿರ್ಣಾಯಕ ಪಂದ್ಯಗಳಲ್ಲಿ ಇನ್ನೂ 36⅓ ಇನಿಂಗ್ಸ್ ಎಸೆದರು. ಆ ಅಕ್ಟೋಬರ್‌ನಲ್ಲಿ ಐದು ಗೆಲುವು, ಸೋಲೇ ಇಲ್ಲ. ತಂಡ ಗೆದ್ದದ್ದೂ ಅದೇ ತೋಳಿನಿಂದ, ಸವೆದದ್ದೂ ಅದೇ ತೋಳು. ಯಾವ ಎಸೆತ ಯಾವ ನರವನ್ನು ಒತ್ತಿತೆಂದು ಯಾವ ವೈದ್ಯರೂ ಬೊಟ್ಟು ಮಾಡಿ ತೋರಿಸಲಾರರು, ಆದರೆ ಆ ಗೆಲುವನ್ನು ಎದೆಗವಚಿಕೊಂಡು ಆ ಗಾಯವನ್ನು ಮಾತ್ರ ಆಟಗಾರನ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲವೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬೇಸ್‌ಬಾಲ್ ಒಪ್ಪಂದಗಳಲ್ಲಿ ಗಾಯದ ಸಂಭವ ತಂಡದ ಪಾಲಿಗೆ ಬರುತ್ತದೆಂಬುದು ಸಹಿ ಹಾಕುವಾಗಲೇ ಎರಡೂ ಕಡೆಯವರಿಗೆ ಗೊತ್ತಿರುವ ಸಂಗತಿ. ಆ ಹಣದಿಂದ ಬೇರೆ ಆಟಗಾರರನ್ನು ಕೊಳ್ಳಬಹುದಿತ್ತೆಂಬ ಮಾತನ್ನು ಮಾಲೀಕರ ಮುಂದಿಡಿ, ಆಟಗಾರನ ಮುಂದಿಡಬೇಡಿ.

ಹಣದ ಸಿಟ್ಟು ಇಳಿದ ಮೇಲೆ ಮನಸ್ಸು ಹೊಣೆಗಾರನನ್ನು ಹುಡುಕಲು ಹೊರಡುತ್ತದೆ. ಅದಕ್ಕೆ ಮದ್ದಾಗಿ ಎರಡು ಊರುಗಳ ಅಭಿಮಾನಿಗಳನ್ನು ಜೊತೆಯಲ್ಲಿಟ್ಟು ನೋಡಿ. 2003ರಲ್ಲಿ ಶಿಕಾಗೊ ಕಬ್ಸ್ ತಂಡದ ಮಾರ್ಕ್ ಪ್ರಯರ್ 18 ಗೆದ್ದು 6 ಸೋತು 211⅓ ಇನಿಂಗ್ಸ್ ಎಸೆದರು. ಆಮೇಲೆ ಗಾಯಗಳ ಸಾಲು ಶುರುವಾಗಿ, 2006ರ ನಂತರ ಅವರು ಮೇಜರ್ ಲೀಗ್‌ನಲ್ಲಿ ಆಡಲಿಲ್ಲ. ಹುಡುಗನನ್ನು ಮಿತಿಮೀರಿ ಎಸೆಯಲು ಬಿಟ್ಟರೆಂದು ಶಿಕಾಗೊದ ಜನ ಮ್ಯಾನೇಜರ್ ಡಸ್ಟಿ ಬೇಕರ್ ಅವರನ್ನು ದೂರಿದರು. ವಾಷಿಂಗ್ಟನ್‌ನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಮೊಣಕೈ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಪೂರ್ಣ ವರ್ಷವಾದ 2012ರಲ್ಲಿ, ಜನರಲ್ ಮ್ಯಾನೇಜರ್ ಮೈಕ್ ರಿಝೊ ಅವರು 159⅓ ಇನಿಂಗ್ಸ್‌ಗಳಾದ ಮೇಲೆ ಸ್ಟ್ರಾಸ್‌ಬರ್ಗ್ ಅವರನ್ನು ನಿಲ್ಲಿಸಿಬಿಟ್ಟರು. 98 ಪಂದ್ಯ ಗೆದ್ದಿದ್ದ ತಂಡ ಅವರಿಲ್ಲದೆ ಅಕ್ಟೋಬರ್‌ಗೆ ಹೋಗಿ, ಸೇಂಟ್ ಲೂಯಿಸ್ ಕಾರ್ಡಿನಲ್ಸ್ ವಿರುದ್ಧದ ಐದನೆಯ ಪಂದ್ಯದಲ್ಲಿ 6–0 ಮುನ್ನಡೆಯನ್ನು ಕಳೆದುಕೊಂಡು 9–7ರಿಂದ ಸೋತಿತು. ಅಲ್ಲಿ ಆಡಿಸಿದ್ದಕ್ಕೆ ಬೈಗುಳ, ಇಲ್ಲಿ ಆಡಿಸದೆ ಇದ್ದದ್ದಕ್ಕೆ ಬೈಗುಳ. ಎರಡೂ ತೋಳುಗಳು ಕೊನೆಗೆ ಕೈಕೊಟ್ಟವು. ಪ್ರಯರ್ ಅವರ 2003ರ ಲೆಕ್ಕವೂ ಸ್ಟ್ರಾಸ್‌ಬರ್ಗ್ ಅವರ 2019ರ ಲೆಕ್ಕವೂ 18–6 ಎಂಬುದು ಕಾಕತಾಳೀಯವಾದರೂ ಮನಸ್ಸನ್ನು ಕಲಕುವಂಥದ್ದು. ರಿಝೊ ಅವರ ನಿರ್ಧಾರ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಆದರೆ ನೀವು ಒಪ್ಪದಿದ್ದರೂ, ಒಬ್ಬ ಮನುಷ್ಯನ ಒಂದು ತೀರ್ಮಾನವೇ ಎಲ್ಲಕ್ಕೂ ಕಾರಣವೆಂಬ ವಾದವನ್ನು ಈ ಎರಡು ಪ್ರಕರಣಗಳು ನಿಲ್ಲಗೊಡುವುದಿಲ್ಲ.

ಹಳೆಯ ಪಂದ್ಯಗಳನ್ನು ನೋಡುವುದು ಒಳ್ಳೆಯ ಅಭ್ಯಾಸ, ಆದರೆ ಮುಖ್ಯಾಂಶಗಳ ತುಣುಕು ನೋಡಿದರೆ ಸಾಲದು. 2019ರ ಅಕ್ಟೋಬರ್ 29ರಂದು ಹ್ಯೂಸ್ಟನ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯವನ್ನು ಮೊದಲಿನಿಂದ ನೋಡಿ. ಮೊದಲ ಇನಿಂಗ್ಸ್‌ನಲ್ಲಿ ಆಸ್ಟ್ರೋಸ್ ಎರಡು ರನ್ ಗಳಿಸುತ್ತಾರೆ. ಯಾವ ಎಸೆತ ಬರಲಿದೆ ಎಂಬುದು ಹಿಡಿತದಿಂದಲೇ ಬ್ಯಾಟರ್‌ಗಳಿಗೆ ತಿಳಿದುಬಿಡುತ್ತಿದೆ ಎಂದು ಪಿಚಿಂಗ್ ಕೋಚ್ ಪಾಲ್ ಮೆನ್‌ಹಾರ್ಟ್ ಎಚ್ಚರಿಸುತ್ತಾರೆ. ಎರಡನೆಯ ಇನಿಂಗ್ಸ್‌ನಿಂದ ಸ್ಟ್ರಾಸ್‌ಬರ್ಗ್ ಅವರ ಗ್ಲೋವ್ ಅನ್ನೇ ಗಮನಿಸಿ: ಎಸೆಯುವ ಮುನ್ನ ಅದನ್ನು ಅಲುಗಾಡಿಸುತ್ತಾರೆ, ಒಳಗೆ ಬೆರಳುಗಳು ಯಾವ ಹಿಡಿತಕ್ಕೆ ಹೊರಳುತ್ತಿವೆ ಎಂಬುದು ಎದುರಿನವರಿಗೆ ಕಾಣದಂತೆ. ಅಲ್ಲಿಂದ ಮುಂದೆ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಒಬ್ಬರನ್ನು ಔಟ್ ಮಾಡುವವರೆಗೂ, ಅಂದರೆ ಒಟ್ಟು 8⅓ ಇನಿಂಗ್ಸ್, ಮತ್ತೊಂದು ರನ್ ಕೊಡಲಿಲ್ಲ. ತಂಡ 7–2ರಿಂದ ಗೆದ್ದಿತು. ವೇಗಕ್ಕಿಂತ ಹೆಚ್ಚಾಗಿ ಬುದ್ಧಿ ಮತ್ತು ತಾಳ್ಮೆಯಿಂದ ಕಟ್ಟಿದ ಆಟವದು. ಗಾಯದ ಸುದ್ದಿಗಳೇ ನೆನಪನ್ನು ತುಂಬಿಕೊಂಡಿದ್ದರೆ, ಅವರು ಎಂಥ ಆಟಗಾರರೆಂಬುದನ್ನು ಇದೊಂದು ಪಂದ್ಯ ಮತ್ತೆ ಮನಗಾಣಿಸುತ್ತದೆ.

ಕ್ರೀಡಾಂಗಣದಲ್ಲಿ ಹೇಗಿರಬೇಕೆಂಬುದನ್ನು ಉದ್ದಕ್ಕೆ ಹೇಳುವ ಅಗತ್ಯವಿಲ್ಲ. ಗಾಯದಿಂದ ಮರಳಿದ ಪಿಚರ್ ಪೆಟ್ಟು ತಿಂದರೆ ಕೂಗಾಡಬೇಡಿ, ದಿಬ್ಬ ಇಳಿಯುವಾಗ ಎದ್ದು ನಿಂತು ಚಪ್ಪಾಳೆ ತಟ್ಟಿ. ಜೊತೆಯಲ್ಲಿ ಮಕ್ಕಳಿದ್ದರೆ, ಅವರು ಆಟ ಯಾಕೆ ಬಿಟ್ಟರೆಂದು ಕೇಳಿದಾಗ ‘ಕೈ ನೋವು, ವಾಸಿಯಾಗಲಿಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸೋಮಾರಿಯಾದರು, ದುಡ್ಡು ಬಂದ ಮೇಲೆ ಬದಲಾದರು ಎಂಬ ಮಾತು ಮಕ್ಕಳ ಕಿವಿಗೆ ಬಿದ್ದರೆ, ಮೈ ನೋಯುತ್ತದೆ ಎಂದು ಹೇಳಿಕೊಳ್ಳುವುದೇ ತಪ್ಪೆಂದು ಅವರು ತಿಳಿದುಬಿಡುತ್ತಾರೆ. ಚಿಕ್ಕ ವಯಸ್ಸಿನಲ್ಲಿ ತಾವೇ ಚೆಂಡು ಎಸೆಯುವ ಮಕ್ಕಳ ಮಟ್ಟಿಗೆ ಇದು ನಿಜಕ್ಕೂ ಅಪಾಯದ ತಿಳಿವಳಿಕೆ.

ಆಸೆಯನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬುದು ಕೊನೆಯ ಮತ್ತು ಅತಿ ಕಷ್ಟದ ಪ್ರಶ್ನೆ. ಸ್ಟ್ರಾಸ್‌ಬರ್ಗ್ ಅವರಂತೆ ಥೊರಾಸಿಕ್ ಔಟ್‌ಲೆಟ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಜಾಶ್ ಬೆಕೆಟ್ 2014ರ ಮೇ ತಿಂಗಳಲ್ಲಿ ಡಾಡ್ಜರ್ಸ್ ಪರ ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯವನ್ನು ಆಡಿದರು. 2020ರಲ್ಲಿ ಮಾಡಿಸಿಕೊಂಡ ಮೆರಿಲ್ ಕೆಲ್ಲಿ 2023ರ ವರ್ಲ್ಡ್ ಸೀರೀಸ್‌ನಲ್ಲಿ ಅರಿಝೋನಾಗೆ ಒಂದು ಪಂದ್ಯ ಗೆದ್ದುಕೊಟ್ಟರು. ನ್ಯೂಯಾರ್ಕ್ ಮೆಟ್ಸ್ ಅಭಿಮಾನಿಗಳ ಕಣ್ಮಣಿಯಾಗಿದ್ದ ಮ್ಯಾಟ್ ಹಾರ್ವಿ 2016ರಲ್ಲಿ ಮಾಡಿಸಿಕೊಂಡರೂ ಹಳೆಯ ಹಾರ್ವಿಯಾಗಿ ಮರಳಲಿಲ್ಲ. ಹಾಗಾಗಿ ಆಸೆ ಇಟ್ಟುಕೊಳ್ಳುವುದು ಮೂರ್ಖತನವಲ್ಲ, ಆದರೆ ಆಟಗಾರ ಎಸೆಯುವುದನ್ನು ನಿಲ್ಲಿಸಿ, ದಿನನಿತ್ಯದ ಬದುಕಿನ ಕಷ್ಟಗಳ ಬಗ್ಗೆ ಮಾತನಾಡಲು ಶುರುಮಾಡಿದಾಗ ನೀವೂ ‘ಯಾವಾಗ ವಾಪಸು’ ಎಂದು ಕೇಳುವುದನ್ನು ಬಿಟ್ಟುಬಿಡಿ. 2023ರ ಸೆಪ್ಟೆಂಬರ್ 9ಕ್ಕೆ ಗೊತ್ತಾಗಿದ್ದ ಸ್ಟ್ರಾಸ್‌ಬರ್ಗ್ ಅವರ ವಿದಾಯದ ಪತ್ರಿಕಾಗೋಷ್ಠಿ ರದ್ದಾದದ್ದರಿಂದ ವಾಷಿಂಗ್ಟನ್‌ನ ಜನಕ್ಕೆ ಬೀಳ್ಕೊಡುವ ಅವಕಾಶವೂ ಅಂದು ತಪ್ಪಿತು. ಅಂಥ ಸಂದರ್ಭದಲ್ಲಿ ತಂಡದ ಕಚೇರಿಯ ವಿಳಾಸಕ್ಕೆ ಆಟಗಾರನ ಹೆಸರಿನಲ್ಲಿ ನಾಲ್ಕು ಸಾಲಿನ ಪತ್ರ ಬರೆಯಬಹುದು. ಯಾವ ಪಂದ್ಯವನ್ನು ಯಾರೊಂದಿಗೆ ಕುಳಿತು ನೋಡಿದಿರಿ, ಯಾವ ಎಸೆತ ಇನ್ನೂ ನೆನಪಿದೆ ಎಂದು ಬರೆದರೆ ಸಾಕು. ಆರೋಗ್ಯದ ವಿಚಾರಣೆಯಾಗಲಿ ಸಲಹೆಯಾಗಲಿ ಅದರಲ್ಲಿ ಬೇಡ.

ಇದೇ ತಂಡದ ಕೇಡ್ ಕವಾಲಿ 2023ರಲ್ಲಿ, ಜೊಸೈಯಾ ಗ್ರೇ 2024ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಕವಾಲಿ ಮೇಜರ್ ಲೀಗ್‌ಗೆ ಮರಳಿದ್ದು 2025ರ ಆಗಸ್ಟ್‌ನಲ್ಲಿ. ಇಂಥ ತರುಣರ ಮರುಪ್ರವೇಶದ ಪಂದ್ಯ ನೋಡುವಾಗ ಮೊದಲ ದಿನವೇ ವೇಗದ ಅಂಕಿ ನೋಡಿ ತೀರ್ಪು ಕೊಡಬೇಡಿ, ಅವರನ್ನು ಹೊಸ ಸ್ಟ್ರಾಸ್‌ಬರ್ಗ್ ಎಂದು ಕರೆಯಲೂ ಬೇಡಿ. ಮೊದಲ ಕೆಲವು ತಿಂಗಳು ಎಸೆತ ಹೇಳಿದ ಜಾಗಕ್ಕೆ ಬೀಳುತ್ತಿದೆಯೇ, ಪಂದ್ಯದ ಮರುದಿನ ಕೈ ಹೇಗಿದೆ ಎಂಬ ವರದಿ ಬರುತ್ತಿದೆಯೇ, ಐದು ದಿನಗಳ ನಂತರ ಮತ್ತೆ ದಿಬ್ಬ ಹತ್ತಿದರೇ, ಇಷ್ಟನ್ನು ಮಾತ್ರ ಗಮನಿಸುತ್ತ ಹೋಗಿ.